ಬಣ್ಣ ಒಣಗುವವರೆಗೆ ಮುಚ್ಚಿದ ಕಿಟಕಿ

ಮಾವಾರ,

ನೀವಿರುವ ಕಡೆ ಕ್ಷೇಮ ಕೇಳುವ ರೀತಿ ನನಗೆ ಗೊತ್ತಿಲ್ಲ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಬಲಗೈ ನಡುಗುತ್ತಿದೆ. ನಿಮ್ಮದು ನಡುಗುತ್ತಿತ್ತಲ್ಲ, ಹಾಗೆಯೇ, ಹೆಬ್ಬೆರಳಿನಿಂದ ಶುರುವಾಗಿ.

ಹೋದ ವಾರ ಲ್ಯಾಬಿನಲ್ಲಿ ಗಲಗಲಿಯ ಅಜ್ಜರೊಬ್ಬರ ರಕ್ತ ತೆಗೆಯಬೇಕಿತ್ತು. ನರ ಸಣ್ಣದು. ಸೂಜಿ ಹಿಡಿದೆ, ತುದಿ ನಿಲ್ಲಲೇ ಇಲ್ಲ. ಅಜ್ಜ ನನ್ನ ಮುಖ ನೋಡಿದರು. "ನನಗಿಂತ ನಿನ್ನ ಕೈನ ಹೆಚ್ಚು ನಡಗಾಕತ್ತೇತಲ್ಲವ್ವಾ" ಅಂದರು. ನಗೆಯಾಡಿಯೇ ಅಂದದ್ದು. ಜೊತೆಯವಳನ್ನು ಕರೆದು ಸೂಜಿ ಕೊಟ್ಟು ಬಚ್ಚಲಿಗೆ ಹೋಗಿ ನಿಂತೆ. ಹದಿನಾರು ವರ್ಷದಿಂದ ಈ ಕೈಯನ್ನೇ ನಂಬಿ ಕೆಲಸ ಮಾಡಿದ್ದೇನೆ, ಮಾವಾರ. ಇದು ಹೋದರೆ ನನ್ನ ಬಳಿ ಇನ್ನೇನಿದೆ?

ನಿಮ್ಮ ಮಗನಿಗೆ ಬಂದಿದ್ದರೆ ವಂಶದ್ದು ಎನ್ನಬಹುದಿತ್ತು. ಬೀಳಗಿಯಿಂದ ಬಂದ ಸೊಸೆಗೆ ಮಾವನ ನಡುಕ ಬರುವುದೆಂದರೆ? ಎರಡು ದಿನ ಅದನ್ನೇ ಯೋಚಿಸಿದೆ. ನಾವಿಬ್ಬರೂ ಹಂಚಿಕೊಂಡದ್ದು ಮೇಲಿನ ಕೋಣೆಯೊಂದನ್ನೇ ಅಲ್ಲವೇ? 

ನಾನು ಮೊದಲ ಸಲ ಆ ಕೋಣೆಗೆ ಬಂದದ್ದು ಚಹಾ ಕೊಡಲು. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ, ತಲೆಯ ಮೇಲಿನ ಸೆರಗು ಜಾರಿದರೆ ಜೀವ ಹೋಗುತ್ತಿತ್ತು. ಮೂವತ್ತು ವರ್ಷ ಬನಹಟ್ಟಿಯ ಮಗ್ಗಗಳನ್ನು ರಿಪೇರಿ ಮಾಡಿದ ನೀವು ಗೇಣುದ್ದದ ಪ್ಲಾಸ್ಟಿಕ್ ಮಾದರಿ ವಿಮಾನದ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿ ಕೂತಿದ್ದಿರಿ. ಹಸಿ ಬಣ್ಣದ ರೆಕ್ಕೆಯಿಂದ ಸೂಜಿಯ ತುದಿಯಲ್ಲಿ ಏನನ್ನೋ ಎತ್ತುತ್ತಿದ್ದಿರಿ. "ನೋಡವ್ವಾ, ನೂಲು" ಅಂದಿರಿ. ಓಣಿ ತುಂಬ ಮಗ್ಗ, ಗಾಳಿ ತುಂಬ ಅರಳೆಯ ಎಳೆ. ನಿಜವಾದದ್ದಕ್ಕಿಂತ ಎಪ್ಪತ್ತೆರಡು ಪಟ್ಟು ಚಿಕ್ಕದಾದ ಆ ಡಕೋಟಾ ವಿಮಾನದ ಮೇಲೆ ಒಂದೆಳೆ ಕೂತರೂ ಯಾರೋ ಹಗ್ಗ ಬಿಸಾಡಿದಂತೆ ಕಾಣುತ್ತಿತ್ತು. ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತಿದ್ದವು ನಿಜ, ಆದರೆ ನಿಮ್ಮ ಬಣ್ಣ ಸಿಂಪಡಿಸುವ ಗನ್ನೂ ನಿಲ್ಲುತ್ತಿತ್ತಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಾನು ಆ ಮಾತು ಹೇಳಿದೆ.

"ಕಿಡಕಿ ಮುಚ್ಚರಿ ಮಾವಾರ. ಫ್ಯಾನ್ ಬಂದ್ ಮಾಡ್ರಿ. ಬಾಗಲ ಸಂದಿಗೆ ಹಸಿ ಟಾವೆಲ್ ಇಡೂಣು."

"ಇಷ್ಟು ವರ್ಷ ಮಗ್ಗದಾಗ ಕಳದೆ, ನನಗ ಇದು ಹೊಳೀಲಿಲ್ಲ ನೋಡು" ಅಂದಿರಿ. ಆ ದಿನ ಎಷ್ಟು ಉಬ್ಬಿದ್ದೆ ಗೊತ್ತೇ? ಗಂಡನ ಮನೆಯಲ್ಲಿ ನನ್ನ ಬುದ್ಧಿಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

ನ್ಯಾಟ್ ವಿಮಾನದ ಪೈಲಟ್ಟಿಗೆ ಕಣ್ಣು ಬರೆಯಲು ನನಗೆ ಬಿಟ್ಟಿದ್ದಿರಿ. ಇಡೀ ಮುಖ ಅಕ್ಕಿಕಾಳಿಗಿಂತ ಚಿಕ್ಕದು. ಉಸಿರು ಬಿಗಿಹಿಡಿದು ಬರೆದೆ, ನೀವೂ ಬಿಗಿಹಿಡಿದಿರಿ. ವಿಮಾನಕ್ಕೆ ಅಂಟಿಸಲು ನೀರಿನ ತಟ್ಟೆಯಲ್ಲಿ ನೆನೆಸಿದ ಗುರುತಿನ ಚಿತ್ರಗಳು ಕಾಗದ ಬಿಟ್ಟು ತೇಲುವುದನ್ನು ಇಬ್ಬರೂ ಬಾಯಿ ಬಿಟ್ಟು ನೋಡುತ್ತಿದ್ದೆವು. ಬಣ್ಣ ಒಣಗುವವರೆಗೆ ಗಂಟೆಗಟ್ಟಲೆ ಅಲ್ಲೇ ಕೂತು ಮುಂದಿನ ವಿಮಾನದ ಭಾಗಗಳನ್ನು ಉಜ್ಜುತ್ತಿದ್ದೆವು. ಬಣ್ಣಕ್ಕೆ ಬೆರೆಸುವ ತಿನ್ನರಿನ ವಾಸನೆಗೆ ತಲೆ ಭಾರವಾದರೆ ಕೆಳಗಿಳಿದು ಚಹಾ ಕುಡಿದು ಮತ್ತೆ ಹತ್ತುತ್ತಿದ್ದೆವು. ತಲೆ ಭಾರವಾಗುವುದು ಯಾಕೆಂದು ಇಬ್ಬರಲ್ಲಿ ಒಬ್ಬರಾದರೂ... ನಾನಂತೂ ಲ್ಯಾಬಿನಲ್ಲಿ ಕೆಲಸ ಮಾಡುವವಳು.

ನಿಮ್ಮ ಕೈಯಲ್ಲಿ ಕುಂಚ ನಿಲ್ಲದಾದಾಗ ನಿಮ್ಮ ಮಗ ನಿಮ್ಮನ್ನು ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಂದವರೇ ಕೋಣೆಗೆ ಬೀಗ ಹಾಕಿದಿರಿ. "ಇನ್ನ ಮ್ಯಾಲ ಈ ಖೋಲಿ ಕಡೆ ಬರಬ್ಯಾಡ" ಅಂದಿರಿ, ನನ್ನ ಮುಖ ಸಹ ನೋಡದೆ. ಹಿಂದಿನ ದಿನ ನಾನು ಡಕೋಟಾದ ಚಕ್ರ ಮುರಿದಿದ್ದೆ. ಅದಕ್ಕೇ ಸಿಟ್ಟು ಎಂದುಕೊಂಡು ಅತ್ತೆ. ಎಂಟು ದಿನ ನಿಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಕೈ ಹೋಗಿ ನಡಿಗೆ ಹೋಯಿತು, ಕೊನೆಗೆ ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ. ನೀವು ಹೋದ ಮೇಲೆ ಬೀಗ ತೆಗೆದವಳು ನಾನೇ. ನಿಮ್ಮ ಕುರ್ಚಿಯಲ್ಲಿ ಕೂತೆ, ಕಿಟಕಿ ಮುಚ್ಚಿದೆ, ಟವೆಲ್ ಹಸಿ ಮಾಡಿ ಇಟ್ಟೆ. ನಾಲ್ಕು ವರ್ಷ ಹಾಗೇ ಬಣ್ಣ ಹೊಡೆದೆ. ನಿಮ್ಮ ಮಗ ತಿನ್ನರಿನ ಡಬ್ಬಿ ಬಚ್ಚಿಟ್ಟರು, ನಾನು ಹೊಸದು ತಂದೆ. "ಅಪ್ಪನ ಆಟ ಅಪ್ಪನ ಕೂಡ ಹೋತು, ಸಾಕ್ ಮಾಡಿನ್ನ" ಎಂದು ರೇಗಿದರು. ಹೊಟ್ಟೆಕಿಚ್ಚು ಎಂದುಕೊಂಡು ನಾನೂ ರೇಗಿದೆ.

ನಿನ್ನೆ ಜಮಖಂಡಿಯ ಡಾಕ್ಟರು ನನ್ನ ಬೆರಳುಗಳನ್ನು ತಟ್ಟಿ ನೋಡಿ, ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ವಿಮಾನದ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಆ ಖೋಲಿಗೆ ಕಿಡಕಿ ಐತೇನ್ರಿ?"

"ಐತ್ರಿ. ಮುಚ್ಚಿರತೈತ್ರಿ."

ಮುಚ್ಚಿದ ಕೋಣೆಯ ತಿನ್ನರಿನ ಗಾಳಿಯಿಂದಲೇ ಆಗಿರಬಹುದು, ಆಗದೆಯೂ ಇರಬಹುದು, ಬೆಳಗಾವಿಗೆ ಹೋಗಿ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಿಮ್ಮ ಮಗನನ್ನು ಕೇಳಿದೆ. "ನಿಮ್ಮ ಅಪ್ಪಗ ನಾನೇ ಮುಳುವಾದೆ ಏನ್ರೀ?"

ಅವರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಓದಿದರು. ಆಮೇಲೆ ಹೇಳಿದರು. "ಮಿರಜದಾಗ ಅಪ್ಪಗೂ ಇದನ್ನ ಕೇಳಿದ್ರು. ಅವಗ ಅವತ್ತೇ ಗೊತ್ತಾತು. ನಿನಗ ಹೇಳಬಾರದಂತ ತನ್ನ ತೆಲಿ ಮ್ಯಾಲ ನನ್ನ ಕೈ ಇಡಿಸ್ಕೊಂಡು ಆಣಿ ಮಾಡಿಸ್ಕೊಂಡ. ಕಿಡಕಿ ಮುಚ್ಚಂದಾಕಿ ನಾನಂತ ಜೀವಾ ತಿಂದ್ಕೊಂತಾಳ ಆಕಿ, ಅಂದ."

ಹೇಳಬಾರದಿತ್ತೇ, ಮಾವಾರ? ಕೋಣೆಗೆ ಬೀಗ ಹಾಕಿದಿರಿ, ಬಾಯಿಗೂ ಯಾಕೆ ಹಾಕಿದಿರಿ? ನನ್ನ ಮನಸ್ಸು ನೋಯಬಾರದೆಂದು ನೀವು ಸುಮ್ಮನಾದಿರಿ. ಕಾರಣ ತಿಳಿಯದೆ ನಾನು ನಾಲ್ಕು ವರ್ಷ... ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಅಳು ಬರುತ್ತದೆ, ಏಕೆಂದರೆ ಅಷ್ಟು ಪ್ರೀತಿ ನನಗೆ ತವರಿನಲ್ಲೂ ಸಿಕ್ಕಿರಲಿಲ್ಲ. ಆದರೆ ಎಲ್ಲಕ್ಕಿಂತ ಮೇಲೆ ಕೂತಿರುವುದು ಹೆದರಿಕೆ. ನಿಮ್ಮ ಕೊನೆಯ ಗಂಜಿಯನ್ನು ಚಮಚದಲ್ಲಿ ಕೊಟ್ಟವಳು ನಾನು. ಮುಂದೆ ಏನೇನು ಬರುತ್ತದೆಂದು ನನಗೆ ಸಾಲಾಗಿ ಗೊತ್ತಿದೆ.

ನಾಳೆ ಬೆಳಗಾವಿಗೆ ಹೋಗುತ್ತೇವೆ. ನಿಮ್ಮ ಮಗ ರಜೆ ಹಾಕಿದ್ದಾರೆ. ಅಲ್ಲಿ ಏನು ಹೇಳಿದರೂ ಇಬ್ಬರೂ ಅಕ್ಕಪಕ್ಕ ಕೂತು ಕೇಳುವುದೆಂದು ಮಾತಾಗಿದೆ, ಯಾರೂ ಯಾರನ್ನೂ ಹೊರಗೆ ಕಳಿಸುವಂತಿಲ್ಲ. ನಿಮ್ಮ ಆಣೆ ಮುರಿದದ್ದಕ್ಕೆ ಅವರನ್ನು ಬೈಯಬೇಡಿ.

ಇನ್ನೊಂದು ಸುದ್ದಿ. ಇಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಕೈಯಲ್ಲಿ ರೊಟ್ಟಿಯ ತುತ್ತು ನಡುಗಿತು. ಮುಚ್ಚಿಕೊಳ್ಳಲಿಲ್ಲ. "ನನಗ ಭಾಳ ಹೆದರಿಕಿ ಆಗೇತ್ರಿ" ಎಂದೆ. ನಿಮ್ಮ ಮಗ, ನಿಮ್ಮನ್ನು ಮಣ್ಣು ಮಾಡಿದ ದಿನವೂ ಕಣ್ಣು ಒದ್ದೆ ಮಾಡದ ಮನುಷ್ಯ, ತಾಟು ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದುಕೊಂಡರು.

"ನನಗೂ" ಎಂದರು.

ನಿಮ್ಮ ಸೊಸೆ,
ಶೈಲಾ