ಶನಿವಾರದ ಎಣ್ಣೆ

ನವೆಂಬರ್ ೮, ಶನಿವಾರ, ಮಧ್ಯಾಹ್ನ

ಆಂಡರ್ಸನ್‌ಪೇಟೆಯ ಮಹಾಜನಗಳೇ! ಬಂಗಾರಪೇಟೆಯ ಪಾನಿಪೂರಿ ಶೂರರೇ! ಕೇಳಿ... ಬೀದಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತು. ಇನ್ನು ಈ ನೋಟ್‌ಬುಕ್ಕೇ ನನ್ನ ಸಭೆ. ಕರಿದು ಉಳಿದ ಎಣ್ಣೆ ಕೊಡಿ, ಶುದ್ಧಿ ಮಾಡಿ ವಿಮಾನಕ್ಕೆ ಹಾಕುತ್ತಾರೆ, ಆಕಾಶಕ್ಕೆ ಕೊಳೆ ಕಮ್ಮಿ — ಹದಿನೆಂಟು ಅಂಗಡಿಯಲ್ಲಿ ಇದೇ ಡೈಲಾಗ್. ಸಿಕ್ಕಿದ್ದು ನಾಲ್ಕು ಲೀಟರ್.

ಬೋಂಡಾ ಅಂಗಡಿ ರಾಧಾಮಣಿ ಹೇಳಿಯೇಬಿಟ್ಟಳು: “ಶನಿವಾರ ಯಾರನಾ ಎಣ್ಣೆ ಕೈಗೆ ಕೊಡ್ತಾರಾ ಬಚ್ಚಪ್ಪಣ್ಣ? ಮನೆಗೆ ಶನಿ ವಕ್ಕರಿಸ್ತಾನೆ.”

ಎಣ್ಣೆ ಒಯ್ಯುವ ಕಂಪನಿಯ ವ್ಯಾನು ಬರುವುದೇ ಶನಿವಾರ. ಡ್ರೈವರ್ ವಿಜಯಕುಮಾರ್ ಮುಖ ಸಣ್ಣ ಮಾಡಿದ. “ಇಪ್ಪತ್ತೆರಡನೇ ತಾರೀಕಿಗೆ ನೂರು ಲೀಟರ್ ಆಗ್ದಿದ್ರೆ ಕೆಜಿಎಫ್ ರೂಟೇ ಕ್ಯಾನ್ಸಲ್ ಅಣ್ಣ. ಎಣ್ಣೆ ಮತ್ತೆ ಮೋರಿಗೇ.”

ಮೋರಿಗೆ! ಗಗನಕ್ಕೇರಬೇಕಾದ್ದು!

ನವೆಂಬರ್ ೧೪, ಶುಕ್ರವಾರ

ಹೊಳೆಯಿತು! ಮೂವತ್ತು ವರ್ಷ ರಂಗದ ಮೇಲೆ ಶನಿದೇವರ ಪಾತ್ರ ಯಾರದ್ದು? ನನ್ನದು. ಶನಿಗೆ ಶನಿವಾರ ಎಣ್ಣೆ ಕೊಟ್ಟರೆ ದೋಷವಲ್ಲ, ಪುಣ್ಯ. ಟ್ರಂಕಿನಿಂದ ಕಿರೀಟ ತೆಗೆದೆ. ಹೆಂಡತಿ ಗಂಗರತ್ನಮ್ಮ ನಕ್ಕು ನಕ್ಕು ಕೆಮ್ಮಿದಳು.

ನವೆಂಬರ್ ೧೫, ಶನಿವಾರ, ೩ ಗಂಟೆ

ಮುಖಕ್ಕೆ ನೀಲಿ, ಮೈಗೆ ಕಪ್ಪು ಶಾಲು. ಬೀದಿಗೆ ಬೀದಿಯೇ ಕ್ಯೂ ನಿಂತಿತು! ಅರವತ್ತು ಲೀಟರ್! ವಿಜಯಕುಮಾರ್ ಮುಚ್ಚಳ ತೆಗೆದ. ಮೂಸಿದ. “ಅಣ್ಣೋ... ಇದ್ಯಾಕೆ ಘಮಘಮ ಅಂತದೆ?”

ಎಳ್ಳೆಣ್ಣೆ. ಅಷ್ಟೂ ಹೊಸದು.

“ದೇವ್ರಿಗೆ ಬೋಂಡಾ ಕರಿದಿದ್ದು ಉಯ್ಯಕ್ಕಾತದಾ?” — ರಾಧಾಮಣಿ. ಕಂಪನಿಗೆ ಕರಿದದ್ದೇ ಬೇಕು. ಇದು ದೇವಸ್ಥಾನದ ದೀಪಕ್ಕೆ ಹೋಯಿತು. ಕಿರೀಟ ಟ್ರಂಕಿಗೆ.

ನವೆಂಬರ್ ೨೦, ಗುರುವಾರ, ಸಂಜೆ

ಐದು ದಿನ ಪೆನ್ನು ಹಿಡಿಯಲಿಲ್ಲ. ಇವತ್ತು ಬೆಳಿಗ್ಗೆ ಗಂಗರತ್ನಮ್ಮ ಮುದ್ದೆ ಇಡುತ್ತಾ, “ಇವತ್ತು ಗುರುವಾರ ತಾನೆ? ಓಗಿ ಕರ್ದಿರೋ ಎಣ್ಣೆ ಇವತ್ತೇ ಎತ್ಕೊಂಡ್ ಬಾ. ನಮ್ಮ ಇತ್ಲಲ್ಲಿ ಇಡು. ಶನಿವಾರ ವ್ಯಾನು ಇಲ್ಲಿಗೇ ಬರ್ಲಿ” ಅಂದಳು.

ಇಷ್ಟೇ! ಇಷ್ಟು ನನಗೆ ಹೊಳೆಯಲಿಲ್ಲ! ಬಣ್ಣ ಇಲ್ಲ, ಗರ್ಜನೆ ಇಲ್ಲ. ರಾಧಾಮಣಿ ತಾನೇ ಡಬ್ಬ ಹೊತ್ತು ತಂದಳು. ನೂರಾ ಹದಿನೆಂಟು ಲೀಟರ್, ಕಪ್ಪಗೆ, ಬೋಂಡಾ ವಾಸನೆ. ಅಮೃತ!

ನವೆಂಬರ್ ೨೧, ಶುಕ್ರವಾರ, ಸಂಜೆ

ಒಂದು ಅಳುಕು. ನಾಳೆ ಶನಿವಾರ. ಎಣ್ಣೆ ಹೊರಡುವುದು ನಮ್ಮ ಮನೆಯಿಂದ. ಶನಿ ನಮ್ಮ ಮನೆಗೇ ವಕ್ಕರಿಸಿದರೆ? ಗಂಗರತ್ನಮ್ಮನನ್ನು ಮೆತ್ತಗೆ ಕೇಳಿದೆ.

“ಮೂವತ್ತು ವರ್ಸದಿಂದ ಈ ಮನೇಲೇ ಮುದ್ದೆ ಉಣ್ತಾವ್ನೆ ಶನಿ. ಒಸದಾಗಿ ಇನ್ಯಾವನು ಬರ್ಬೇಕು? ಸುಮ್ನೆ ಎತ್ತಿ ಕೊಡಯ್ಯ.”

ಜಯಜಯ! ಏಳಕ್ಕೆ ವ್ಯಾನು. ಬೆಳಿಗ್ಗೆ ಡ್ರಮ್ಮು ನಾನೇ ಉರುಳಿಸುತ್ತೇನೆ. ಆಮೇಲೆ ರಾಧಾಮಣಿ ಅಂಗಡಿ ಮುಂದೆ ನಿಂತು, ಮೇಲೆ ಯಾವುದಾದರೂ ವಿಮಾನ ಕಂಡ ಕೂಡಲೇ, ಎರಡೂ ಕೈ ಎತ್ತಿ, ಆಚೆ ಊರಿಗಾಂ ಗಣಿಯವರೆಗೂ ಕೇಳುವ ಹಾಗೆ ಕೂಗುತ್ತೇನೆ: “ಅಗೋ ರಾಧಾಮಣಿ, ನಿನ್ನ ಬೋಂಡಾ ಎಣ್ಣೆ ಹಾರ್ತಾ ಐತೆ!”