ಶಿರಾ ಗೇಟಿನ ಫ್ಲೆಕ್ಸ್ ಬೇಡ

ಮಲಾವಿಯಿಂದ

ಪ್ರೀತಿಯ ಮಾವನವರಿಗೆ, ಕರ್ತನಲ್ಲಿ ವಂದನೆಗಳು.

ಫೋನ್ ಮಾಡುವಾಗ ನಿಮ್ಮ ಮಗ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ "ಮಿಷನರಿ ಆಗಿ ಹೋದ ಮಗ ಊರಿಗೆ ವಾಪಸ್ ಬರ್ತಾವ್ನೆ, ಒಂದು ಫ್ಲೆಕ್ಸ್ ಹಾಕ್ಸೋದು ಬ್ಯಾಡ್ವೇನಮ್ಮಾ?" ಅಂದಿರಿ. ಬೇಡ ಮಾವ. ಶಿರಾ ಗೇಟಿನಲ್ಲಿ ಇವರ ಫೋಟೊ ಕಟ್ಟಿಸಬೇಡಿ. ಸುಗ್ಗಿ ಹಬ್ಬದ ಆರಾಧನೆಗೆ ಇವರೇ ಪ್ರಸಂಗ ಮಾಡುತ್ತಾರೆಂದು ಚರ್ಚಿನ ಅಯ್ಯನವರಿಗೆ ಮಾತು ಕೊಟ್ಟಿದ್ದರೆ, ಇಲ್ಲವೆಂದು ಹೇಳಿಬಿಡಿ. ನೀವು ಸುಲಭಕ್ಕೆ ಕೇಳುವವರಲ್ಲ, ಗೊತ್ತು. ಇದೊಂದು ಕೇಳಿ.

ಇಲ್ಲಿ ಸಾಮಾನು ಕಟ್ಟುವುದೇ ಮುಗಿಯುತ್ತಿಲ್ಲ. ನಾನು ತುಂಬಿದ ಟ್ರಂಕನ್ನು ಇವರು ಬಿಚ್ಚಿ ಸುರಿಯುತ್ತಾರೆ, ಮತ್ತೆ ತುಂಬುತ್ತಾರೆ. ಪ್ರಸಂಗಕ್ಕೆ ಹಾಕುತ್ತಿದ್ದ ಕೋಟನ್ನು ಕಾವಲುಗಾರನಿಗೆ ಕೊಟ್ಟರು. ಹಾಗಲವಾಡಿ ಹೊಲದಲ್ಲಿ ರಾಗಿ ಬಿತ್ತನೆ ಆಯಿತಾ ಎಂದು ಮಾತ್ರ ದಿನವೂ ಕೇಳುತ್ತಾರೆ.

ಹೋದ ಮಳೆಗಾಲ ಇಲ್ಲಿ ಕಾಲರಾ ಬಂದಾಗ ನಮ್ಮ ಮಿಷನ್ ಶಾಲೆಯ ಮಕ್ಕಳನ್ನು ಇವರೇ ನಿಂತು ಮಣ್ಣು ಮಾಡಿದರು. ಪ್ರತಿ ಗುಣಿಯ ಮುಂದೆಯೂ ಪ್ರಾರ್ಥನೆ ಮಾಡಿದರು. ಆಮೇಲೆ ನಿಲ್ಲಿಸಿದರು. ಊಟದ ಪ್ರಾರ್ಥನೆಯನ್ನು ಈಗ ನಿಮ್ಮ ಮೊಮ್ಮಗಳು ಇಂಪನಾ ಮಾಡುತ್ತಾಳೆ.

ನಾವು ಗುಬ್ಬಿಯ ಮನೆಗೆ ಬಂದ ದಿನ ಬಿಸಿ ಮುದ್ದೆ, ಉಪ್ಸಾರು ಮಾಡಿಸಿರಿ. ಪ್ರಾರ್ಥನೆ ನೀವೇ ಮಾಡಿ. ಮಗ ಕಣ್ಣು ಮುಚ್ಚಿದ್ದಾನಾ ಎಂದು ಮಾತ್ರ ನೋಡಬೇಡಿ. ಇಲ್ಲಿ ನಾನು ದಿನವೂ ನೋಡುತ್ತೇನೆ. ನೋಡಿ ನೋಡಿ, ಈಗ ನನ್ನ ಕಣ್ಣೂ ಮುಚ್ಚುತ್ತಿಲ್ಲ.

ನಿಮ್ಮ ಸೊಸೆ,
ಪ್ರೇಮಲತಾ