ದೀಪಗಳ ನಡುವೆ ಖಾಲಿ ಜಾಗ

ಜನವರಿ 6, ಸಂಜೆ

ಮತ್ತೆ ಅದೇ. ಫೋಟೋದಲ್ಲಿ ಸೀಸೆ ಚೆನ್ನಾಗಿ ಬಂದಿದೆ, ಹಿಂದಿನ ದೀಪಗಳು ಸತ್ತಿವೆ. ಸೆಂಟ್ ಕಂಪನಿಯವರು ಕೇಳಿದ್ದು ಇಷ್ಟೇ — ಮುಂದೆ ಸೀಸೆ ಸ್ಪಷ್ಟವಾಗಿರಬೇಕು, ಹಿಂದೆ ದೀಪಗಳು ಮಸುಕಾಗಿ, ಗುಂಡಗೆ ತೇಲಬೇಕು. ಫ್ಲ್ಯಾಶ್ ಹೊಡೆದರೆ ದೀಪ ಮಂಕು. ಲೆನ್ಸ್ ಇನ್ನಷ್ಟು ತೆರೆದರೆ ದೀಪ ಬರುತ್ತದೆ, ಸೀಸೆ ಸುಣ್ಣ ಬಳಿದ ಹಾಗಾಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಹಾಲ್‌ನ ಆ ತುದಿಯ ಗೋಡೆಗೆ ಸೀರಿಯಲ್ ಲೈಟು. ಪಕ್ಕದಲ್ಲೇ ಅತ್ತೆಯ ಮಂಚ. ಬಚ್ಚಲಲ್ಲಿ ಜಾರಿ ಸೊಂಟದ ಆಪರೇಷನ್ ಆದಾಗಿನಿಂದ ನಮ್ಮ ಮನೆಯಲ್ಲೇ ಇದ್ದಾರೆ.

"ಏನ್ ಅಳಿಯಂದ್ರೇ, ಒಂದು ಸೀಸೆಗೆ ಇಷ್ಟು ಶೃಂಗಾರ? ಮದುವೆಯಾದ ಹೊಸದ್ರಲ್ಲಿ ನನ್ ಮಗಳ ಫೋಟೋಗೂ ಇಷ್ಟು ಕಷ್ಟಪಟ್ಟಿರ್ಲಿಲ್ಲ ನೀವು."

"ಅವಳು ಒಂದ್ಕಡೆ ನಿಲ್ತಿರ್ಲಿಲ್ಲ ಅತ್ತೆ. ಇದು ನಿಲ್ಲುತ್ತೆ."

ನಕ್ಕರು. ಬಾಯಿಗೇನೂ ಆಗಿಲ್ಲ, ಪುಣ್ಯ.

ಜನವರಿ 7

ಫಿಸಿಯೋ ಹುಡುಗಿ ಬಂದಿದ್ದಳು. "ಮೂಳೆ ಕೂಡಿದೆ ಸರ್, ಭಯ ಹೋಗಿಲ್ಲ. ಈ ತಿಂಗಳಲ್ಲಿ ಎದ್ದು ಓಡಾಡದಿದ್ರೆ ಕೀಲು ಬಿಗಿದುಕೊಳ್ಳುತ್ತೆ. ಆಮೇಲೆ ಮಂಚವೇ ಗತಿ."

ಎಬ್ಬಿಸಲು ನೋಡಿದೆವು. ಒಂದು ಕಡೆ ನನ್ನ ಹೆಂಡತಿ, ಇನ್ನೊಂದು ಕಡೆ ಫಿಸಿಯೋ, ಎದುರಿಗೆ ನಾನು, ಬಾಗಿಲಲ್ಲಿ ಪಕ್ಕದ ಮನೆಯವರು. ಅತ್ತೆಯ ಕಾಲು ನಡುಗಿತು. ಕೂತುಬಿಟ್ಟರು. ಮುಖ ಗೋಡೆಗೆ.

"ಹೀಗೆ ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರೆ ಯಾರಿಗಾಗುತ್ತೆ? ಹೋಗಿ ಎಲ್ಲಾರೂ!"

ಜಪ್ಪಯ್ಯ ಅಂದರೂ ಮತ್ತೆ ಏಳಲಿಲ್ಲ. ಇವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನಗೂ ಹೆದರಿಕೆಯಾಗಿದೆ. ಆ ಹೆಂಗಸು ಮಲಗಿಯೇ ಇರುವುದನ್ನು ನೋಡಲಾಗುವುದಿಲ್ಲ.

ಜನವರಿ 9, ಸಂಜೆ 7

ಸಿಕ್ಕಿತು!!

ಫ್ಲ್ಯಾಶ್ ಹೊಳೆದು ಮುಗಿಯುವುದು ರೆಪ್ಪೆ ಬಡಿಯುವ ಮೊದಲೇ. ಸೀಸೆಗೆ ಅಷ್ಟೇ ಸಾಕು. ಕ್ಯಾಮೆರಾದ ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟೆ. ಹಿಂದಿನ ದೀಪಗಳು ತುಂಬಿಕೊಂಡು ಬಂದವು — ಸೀಸೆಯ ಬೆಳಕು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಒಂದೇ ಚಿತ್ರದಲ್ಲಿ ಎರಡು ಕಾಲ. ಒಂದು ಕ್ಷಣದ್ದು, ಒಂದು ಕಾದು ಪಡೆದದ್ದು. ಮದುವೆಮನೆಗಳಲ್ಲಿ ಕಂಡಕಂಡವರ ಮುಖಕ್ಕೆ ಫ್ಲ್ಯಾಶ್ ರಾಚಿಕೊಂಡು ಬಂದವನು ನಾನು. ಬೆಪ್ಪನ ಹಾಗೆ ಸ್ಕ್ರೀನ್ ನೋಡುತ್ತ ಕೂತೆ. ಎಷ್ಟು ಚೆಂದ... ಎಷ್ಟು ಚೆಂದ.

ಒಂದೇ ತೊಂದರೆ. ಟ್ಯೂಬ್‌ಲೈಟ್ ಆರಿಸಲೇಬೇಕು, ಇಲ್ಲದಿದ್ದರೆ ಆ ಅರ್ಧ ಸೆಕೆಂಡಿನಲ್ಲಿ ಅದೂ ನುಗ್ಗುತ್ತದೆ.

"ಕತ್ತಲಾದ್ರೆ ಪರವಾಗಿಲ್ವಾ ಅತ್ತೆ?"

"ಆರಿಸಿ, ಆರಿಸಿ." ನಾನು ಸ್ವಿಚ್ಚಿನತ್ತ ಹೋಗುವಾಗ, "ಆ ರೇಡಿಯೋ ಒಂಚೂರು ಜೋರು ಮಾಡಿ."

ಜನವರಿ 13

ಮೂರ್ನಾಲ್ಕು ಸಂಜೆಯಿಂದ ಇದೇ ಕೆಲಸ. ಕ್ಯಾಮೆರಾ ತಾನೇ ಕ್ಲಿಕ್ ಮಾಡುತ್ತಿರುತ್ತದೆ. ನಾನು ಸೀಸೆಯ ಪಕ್ಕ ಮೊಣಕಾಲೂರಿ, ಬಿಳಿ ರಟ್ಟು ಹಿಡಿದು, ಗೋಡೆಗೆ ಬೆನ್ನು ಹಾಕಿ. ರಟ್ಟು ಒಂದು ಬೆರಳು ಸರಿದರೆ ಒಳಗಿನ ದ್ರವ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಅತ್ತೆಯ ರೇಡಿಯೋ ಊರಿಗೆಲ್ಲ ಕೇಳುತ್ತಿದೆ. ಔಷಧಿ ಅಂಗಡಿ ಮುಚ್ಚಿ ಬಂದ ಇವಳು ಬಾಗಿಲಲ್ಲೇ ಬೈದಳು.

ಜನವರಿ 14, ಬೆಳಿಗ್ಗೆ

ಕಂಪ್ಯೂಟರ್‌ನಲ್ಲಿ ಚಿತ್ರ ಆರಿಸುತ್ತಿದ್ದೆ. ನಿನ್ನೆಯ ಒಂದರಲ್ಲಿ ಎಡಗಡೆ ದೀಪಗಳೇ ಇಲ್ಲ. ಬಲ್ಬು ಹೋಗಿರಬೇಕೆಂದು ಎದ್ದು ಹೋಗಿ ಸ್ವಿಚ್ ಹಾಕಿ ನೋಡಿದೆ. ಎಲ್ಲವೂ ಉರಿಯುತ್ತಿವೆ.

ಮುಂದಿನ ಚಿತ್ರ. ಆ ಖಾಲಿ ಜಾಗ ಸ್ವಲ್ಪ ಬಲಕ್ಕೆ ಬಂದಿದೆ. ಅದರ ಮುಂದಿನದು. ಇನ್ನೂ ಬಲಕ್ಕೆ. ಬಿಟ್ಟ ಕಡೆ ದೀಪಗಳು ಮತ್ತೆ ಹತ್ತಿಕೊಂಡಿವೆ.

ಖಾಲಿ ಜಾಗ ಆಳೆತ್ತರ ಇದೆ.

ದೀಪಗಳಿಗೆ ಅಡ್ಡವಾಗಿ ಯಾರೋ ನಿಂತಿದ್ದಾರೆ. ಹಳೆಯವನ್ನೆಲ್ಲ ತೆರೆದೆ. ಒಂಬತ್ತನೇ ತಾರೀಖು, ತಗ್ಗಿನಲ್ಲಿ ಒಂದು ಕತ್ತಲ ಗುಪ್ಪೆ. ಮಂಚದ ಅಂಚಿನಲ್ಲಿ ಕೂತಿದ್ದಾರೆ. ಹತ್ತು — ನಿಂತಿದ್ದಾರೆ, ಆದರೆ ಅಂಚಿನ ದೀಪಗಳು ಪೂರ್ತಿ ಆರಿಲ್ಲ, ಅರ್ಧ ಮಂಕು. ಆ ಅರ್ಧ ಸೆಕೆಂಡಿನಲ್ಲಿ ಮೈ ತೂಗಿದೆ, ನಡುಗಿದೆ. ಹನ್ನೆರಡು — ಮಂಕು ಕಡಿಮೆ. ನಿನ್ನೆ — ಆರಿದ್ದು ಪೂರ್ತಿ ಆರಿದೆ, ಉರಿಯುವುದು ಪೂರ್ತಿ ಉರಿಯುತ್ತಿದೆ. ಅರ್ಧ ಸೆಕೆಂಡು ಅಲುಗಾಡದೆ ನಿಂತಿದ್ದಾರೆ ನಮ್ಮ ಅತ್ತೆ!

ಮುಖವಿಲ್ಲ, ಕೈಯಿಲ್ಲ, ಸೀರೆಯ ಅಂಚೂ ಇಲ್ಲ. ಎಷ್ಟೋ ಸಾವಿರ ಮುಖ ತೆಗೆದಿದ್ದೇನೆ. ಇದರಷ್ಟು ದೊಡ್ಡ ಫೋಟೋ ತೆಗೆದಿಲ್ಲ. ಕಣ್ಣು ತುಂಬಿ ಎಲ್ಲ ದೀಪಗಳೂ ಇನ್ನಷ್ಟು ಗುಂಡಗಾದವು.

ಹಿಂದಿರುಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದರು, ಏನೂ ಅರಿಯದವರ ಹಾಗೆ. ರೇಡಿಯೋ ಜೋರು ಮಾಡಿಸಿದ್ದು ಹೆಜ್ಜೆಸದ್ದು ನನಗೆ ಕೇಳದಿರಲಿ ಅಂತ. ಕಳ್ಳಿ.

ಅದೇ ದಿನ, ಮಧ್ಯಾಹ್ನ

ಇವಳಿಗೆ ಹೇಳಲೇ? ಹೇಳಿದರೆ ಅಂಗಡಿ ಬಿಟ್ಟು ಓಡಿ ಬರುತ್ತಾಳೆ, ಎದುರಿಗೆ ನಿಲ್ಲುತ್ತಾಳೆ, "ಅಮ್ಮಾ ನಿಂತು ತೋರ್ಸು" ಅನ್ನುತ್ತಾಳೆ. ಅತ್ತೆ ಮತ್ತೆ ಗೋಡೆಗೆ ಮುಖ ಮಾಡಿಬಿಟ್ಟರೆ?

ಬಾಯಿಗೆ ಬೀಗ. ಹೆಂಡತಿಯಿಂದ ಮುಚ್ಚಿಡುವುದು ನನ್ನ ಜಾಯಮಾನವಲ್ಲ, ಹೊಟ್ಟೆ ಉಬ್ಬರಿಸುತ್ತಿದೆ.

ಜನವರಿ 18, ಸಂಜೆ

ಕಂಪನಿಯವರು ಚಿತ್ರ ಒಪ್ಪಿದರು. ಸೀಸೆಗಳನ್ನು ವಾಪಸ್ ತೆಗೆದುಕೊಂಡೂ ಹೋದರು. ಕೆಲಸ ಮುಗಿಯಿತು. ಸೀರಿಯಲ್ ಲೈಟು ಬಿಚ್ಚಲು ಸ್ಟೂಲು ತಂದೆ.

"ಇವತ್ತು ಕತ್ತಲೆ ಮಾಡೋದಿಲ್ವಾ ಅಳಿಯಂದ್ರೇ?" ಎಲ್ಲೋ ನೋಡುತ್ತ ಕೇಳಿದರು.

"ಇದೆಯಲ್ಲ ಅತ್ತೆ, ಇನ್ನೂ ಬೇಕಾದಷ್ಟು ಕೆಲ್ಸ ಇದೆ."

ಸ್ಟೂಲು ಒಳಗಿಟ್ಟೆ. ಟ್ಯೂಬ್‌ಲೈಟ್ ಆರಿಸಿದೆ. ರೇಡಿಯೋ ಜೋರು ಮಾಡಿದೆ. ಖಾಲಿ ಮೇಜಿನ ಮುಂದೆ, ಗೋಡೆಗೆ ಬೆನ್ನು ಹಾಕಿ ಕೂತಿದ್ದೇನೆ. ಕ್ಯಾಮೆರಾ ಚೀಲದಲ್ಲಿದೆ. ಹಿಂದಿನ ದೀಪಗಳ ಬೆಳಕು ಪಕ್ಕದಿಂದ ಪುಟದ ಮೇಲೆ ಬೀಳುತ್ತಿದೆ, ಬರೆಯಲು ಅಷ್ಟು ಸಾಕು. ತಿರುಗಿ ನೋಡಬಾರದು. ನೋಡಬಾರದು.

ಪುಟದ ಮೇಲೆ ನೆರಳು ಬಿತ್ತು. ಸರಿಯಿತು. ಗೋಡೆಯ ಆ ಕೊನೆಗೆ ಹೋಗಿರಬೇಕು.

ಮತ್ತೆ ಬಿತ್ತು. ಸರಿಯುತ್ತಿಲ್ಲ. ದೊಡ್ಡದಾಗುತ್ತಿದೆ. ಗೋಡೆ ಬಿಟ್ಟಿದ್ದಾರೆ — ನಡುವೆ ಹಿಡಿದುಕೊಳ್ಳಲು ಏನೂ ಇಲ್ಲವಲ್ಲ — ಇತ್ತಲೇ ಬರುತ್ತಿದ್ದಾರೆ... ಸಾಲು ಕಾಣುತ್ತಿಲ್ಲ, ಅಂದಾಜಿನಲ್ಲಿ ಬರೆಯುತ್ತಿದ್ದೇನೆ, ಹೆಗಲ ಮೇಲೆ ಕೈ